ಅನುಮಾನದ ಕಲಂ

ಟ್ರಿಯೆಸ್ಟೆಯಲ್ಲಿ ಬೋರಾ ಗಾಳಿ ಎದ್ದ ದಿನ
ಬೀದಿಬದಿಗೆ ಹಗ್ಗ ಕಟ್ಟುತ್ತಾರೆ, ಜನ ಹಿಡಿದು ನಡೆಯಲಿ ಎಂದು.
ನಿವೆಸ್ ಹಾಗೇ ಗುಡ್ಡ ಹತ್ತಿ ಬಂದು
ಕೋಟು ಬಿಚ್ಚದೆ ಕೂತಳು ಪರದೆಯ ಮುಂದೆ:
ಇಡೀ ಆಕಾಶ, ಒಂಬತ್ತು ಬಣ್ಣದಲ್ಲಿ;
ಕಣ್ಣಿಗೆ ಕಾಣುವ ಬಣ್ಣ ಒಂದೂ ಅಲ್ಲ.

ಚುಕ್ಕಿಗೊಂದು ಸಾಲು. ಎಲ್ಲಿದೆ, ಎಷ್ಟು ಪ್ರಖರ,
ನಂಬಬಹುದೇ.
ಇದು ದೂರದ ಗ್ಯಾಲಕ್ಸಿಯ ಒಡಲುರಿ, ಇರಲಿ.
ಇದು ಬರೀ ಧೂಳು, ನಮ್ಮದೇ ಹಾಲುಹಾದಿಯ ಧೂಳು,
ಗಂಟುಕಟ್ಟಿ ವೇಷ ಹಾಕಿದೆ. ತೆಗೆ.
ಇದು ಆರು ತಿಂಗಳ ಹಿಂದೆ ಇತ್ತು.
ಈಗಿಲ್ಲ.

ಅಪ್ಪ ಸ್ತೋಯಾನ್, ಬಂದರಿನ ಕಾಫಿ ಗೋದಾಮಿನಲ್ಲಿ ತೂಕದವ,
ಚೀಲದ ಲೆಕ್ಕದ ಪುಸ್ತಕದಲ್ಲಿ ಕೊನೆಗೊಂದು ಕಲಂ ಎಳೆದಿದ್ದ:
ಹರಿದದ್ದಲ್ಲ, ನೆನೆದದ್ದಲ್ಲ, ಅನುಮಾನ.
ಮೇಲಿನವರು ಬೈದರು. ಅಳಿಸಲಿಲ್ಲ.
‘ಇಲ್ಲ ಅನ್ನೋಕೆ ನಾನ್ಯಾರು? ತಕ್ಕಡಿ ನಡುಗಿತ್ತು.’

ಸಂಜೆ ಫುಲ್ವಿಯೊ ಇಣುಕಿದ: ಪಟ್ಟಿ ಮುಗೀತಾ?
ಕಿಟಕಿ ಗಡಗಡ.
ನಿವೆಸ್ ಆ ಇಲ್ಲವಾದದ್ದರ ಸಾಲನ್ನು ಎತ್ತಿ
ಎರಡನೇ ಪಟ್ಟಿಗೆ ಸೇರಿಸುತ್ತಿದ್ದಳು,
ನಂಬಿಕೆ ಸಾಲದವುಗಳ ಪಟ್ಟಿಗೆ.
ಅದೀಗ ಮೊದಲನೆಯದಕ್ಕಿಂತ ಉದ್ದ.