ನಾಲ್ಕು ನಿಮಿಷ ಮುಂದೆ

ಮುಳ್ಳೇರಿಯ ಪೇಟೆಯ ನನ್ನ ಗೂಡಂಗಡಿಗೆ
ಸೆರಾಫಿನ್ ಬಾಯಿ ಬಂದದ್ದು ಬುಧವಾರ, ಬಸ್ಸಿಗೆ ಇನ್ನೂ ಒಂದು ಗಂಟೆ ಇರುವಾಗಲೇ.
ತಂಗಿಯ ಮಗಳ ಹೆರಿಗೆಗೆಂದು ಬೇಳಕ್ಕೆ ಹೊರಟವರು.
ಚೀಲದಿಂದ ತಿಂಡಿಡಬ್ಬಿ, ಡಬ್ಬಿಯೊಳಗೆ ಹತ್ತಿ,
ಹತ್ತಿಯೊಳಗೆ ಬಾಯಿಗೆ ಗಂಟು ಹಾಕಿದ ರಬ್ಬರಿನ ಕೈಗವಸು,
ಅದರ ಅಂಗೈಯಲ್ಲಿ, ಮೊಟ್ಟೆಯೊಳಗಿನ ಮರಿಯ ಹಾಗೆ,
ಕೈಗಡಿಯಾರ.
"ನೋಡು ಮಾರಾಯ, ನಿಂತಿಲ್ಲ. ಉಬ್ಬಸ ಬಂದ ಹಾಗೆ ಕೇಳುತ್ತದೆ."

ಮೂವತ್ತೊಂದು ವರ್ಷ ಹೆರಿಗೆಯ ನರ್ಸು.
ಆದೂರಿನ ಕಡವಿನಲ್ಲಿ ದೋಣಿಗೆ ಕಾಲಿಡುವ ಮೊದಲು
ಗಡಿಯಾರ ಬಿಚ್ಚಿ ಕೈಗವಸಿಗೆ ಇಳಿಸಿ
ಬಲೂನಿನಂತೆ ಊದಿ ಗಂಟು ಬಿಗಿಯುತ್ತಿದ್ದರಂತೆ.
ನಾನು ಮುಳುಗಿದರೂ ಇದು ತೇಲಬೇಕು,
ಸರ್ಕಾರದ್ದಲ್ಲ ಇದು, ನನ್ನ ಮೊದಲ ಸಂಬಳದ್ದು.

ಬಸ್ಸಿಗೆ ಬೇರೆ ಶಾಸ್ತ್ರ. ಮುಖ ಒಳಗೆ, ನಾಡಿಯ ಮೇಲೆ.
ಕಂಬಿ ಹಿಡಿಯುವ ಕೈಗೆ ಕಟ್ಟಬಾರದು,
ಕಿಟಕಿ ಬದಿಯ ಕೈಗಂತೂ ಬೇಡವೇ ಬೇಡ.
ಮೀನಿನ ಬುಟ್ಟಿ ಪಕ್ಕಕ್ಕೆ ಬಂದರೆ ಸೆರಗಿನೊಳಗೆ.
ಡ್ರೈವರನ ಹಿಂದೆ ಕೂರಬಾರದು, ಅಲ್ಲಿ ಪಾಟಿನ ಪೆಟ್ಟಿಗೆ,
ಪೆಟ್ಟಿಗೆಯೊಳಗೆ ಅಯಸ್ಕಾಂತ.
"ಗಂಟೆ ಏತಾಂಡ್?" ಅಂತ ಒಬ್ಬರು,
"ಸಮಯಂ ಎತ್ರಯಾಯಿ?" ಅಂತ ಇನ್ನೊಬ್ಬರು;
ಕೇಳಿದ ಭಾಷೆಯಲ್ಲೇ ಉತ್ತರ.
ಮಣಿಕಟ್ಟನ್ನು ಮಾತ್ರ ಯಾರಿಗೂ ತೋರಿಸಿದವರಲ್ಲ,
ಇಸ್ಪೀಟಿನ ಎಲೆ ನೋಡಿದ ಹಾಗೆ ಇಣುಕಿ ಹೇಳುವುದು.

ಕಣ್ಣಿಗೆ ಲೆನ್ಸು ಸಿಕ್ಕಿಸಿ ಹಿಂಬದಿ ತೆಗೆದೆ.
ತುಕ್ಕಿನ ಒಂದು ಚುಕ್ಕೆ ಇಲ್ಲ.
ವಿಮಾನದಲ್ಲಿ ಬಂದ ಚಿನ್ನದ ಬಣ್ಣದವು
ಎರಡೇ ಮಳೆಗಾಲಕ್ಕೆ ಒಳಗೆ ಹಸಿರು ಹಿಡಿದು
ಈ ಮೇಜಿಗೆ ಬಂದು ಮಲಗುತ್ತವೆ.
ಇದರಲ್ಲಿ ಎಣ್ಣೆ ಒಣಗಿದೆ, ಅಷ್ಟೆ. ಮತ್ತೆ ಹತ್ತಿಯ ಒಂದು ಎಳೆ,
ಕೀಲಿಯ ಸಂದಿಯಿಂದ ನುಸುಳಿ ಚಕ್ರಕ್ಕೆ ಸುತ್ತಿದೆ.
ಅಷ್ಟು ವರ್ಷದ ಜೋಪಾನದ್ದೇ ಎಳೆ.

ತೆಗೆದೆ, ಎಣ್ಣೆ ಬಿಟ್ಟೆ, ಮುಚ್ಚಿ ಮೊಬೈಲಿಗೆ ಹೋಲಿಸಿದೆ.
"ಬಾಯಿ, ನಾಲ್ಕು ನಿಮಿಷ ಮುಂದಿದೆ. ಸರಿ ಮಾಡಲೇ?"
"ಮುಟ್ಟಬೇಡ! ಅದು ಬಸ್ಸಿನ ನಾಲ್ಕು ನಿಮಿಷ.
ಅದಿಲ್ಲದಿದ್ದರೆ ಈ ದಾರಿಯ ಅರ್ಧ ಮಕ್ಕಳು
ನನ್ನನ್ನು ಕಾಯದೆ ಹುಟ್ಟಿಬಿಡುತ್ತಿದ್ದವು."

ಚಿಮುಟ ಕೈಯಲ್ಲೇ ನಿಂತಿತು.
ನಮ್ಮ ಮನೆಯ ಟ್ರಂಕಿನ ತಳದಲ್ಲಿ ಅರಸಿನ ಮೂಲೆಯ ಒಂದು ಕಾಗದ:
ಜನನ, ರಾತ್ರಿ ಎರಡು ನಲವತ್ತೊಂದು.
ಹೊತ್ತು ಹೇಳಿದ್ದು ಈ ಮುಳ್ಳುಗಳೇ.
ಅದರ ಮೇಲೆ ಜೋಯಿಸರು ಹನ್ನೆರಡು ಮನೆ ಕಟ್ಟಿ
ಶನಿಗೊಂದು ಚಾಪೆ ಹಾಸಿ, ಹುಡುಗನಿಗೆ ಕಬ್ಬಿಣ ಒಲಿಯುತ್ತದೆ ಅಂದರು.
ಅಪ್ಪ ಸರಳಿನ ಅಂಗಡಿಗೆ ಮುಂಗಡ ಕೊಟ್ಟು ಕಳೆದುಕೊಂಡದ್ದು,
ಎರಡು ಸಂಬಂಧ ಕೂಡಿ ಬರದೇ ಹೋದದ್ದು,
ಸಾಸಿವೆಯಷ್ಟು ತಿರುಪುಗಳ ಜೊತೆ ನಾನಿಲ್ಲಿ ಕೂತದ್ದು.
(ಇದೂ ಕಬ್ಬಿಣವೇ ಅನ್ನುತ್ತಾಳೆ ಅಮ್ಮ.)

ಕೇಳಿಯೇ ಬಿಟ್ಟೆ: "ಹುಟ್ಟಿದ ಹೊತ್ತು ಬರೆಯುವಾಗ
ನಾಲ್ಕು ಕಳೆಯುತ್ತಿದ್ದಿರಾ?"
"ಕಳೆಯುತ್ತಿದ್ದೆ."
ಪಟ್ಟಿ ಬಿಗಿದರು, ಮುಖ ಒಳಗೆ.
"ತಾಯಿಗೆ ರಕ್ತ ನಿಲ್ಲದ ರಾತ್ರಿ ಲೆಕ್ಕ ಯಾರು ಮಾಡುತ್ತಾರೆ ಮಗಾ."
ನನ್ನಮ್ಮನಿಗೆ ನಿಂತದ್ದು ಕೋಳಿ ಕೂಗಿದ ಮೇಲಂತೆ.

ದುಡ್ಡು ಬೇಡ ಅಂದೆ. ಮೇಜಿನ ಮೇಲೆ ಇಟ್ಟೇ ಹೋದರು,
ಹತ್ತಿ, ಕೈಗವಸು, ತಿಂಡಿಡಬ್ಬಿ ಅಲ್ಲೇ ಮರೆತು.
ಎತ್ತಿಕೊಂಡು ಓಡಿದೆ.
ಅವರ ಗಡಿಯಾರದಲ್ಲಿ ಬಸ್ಸು ಹೊರಟಾಗಿತ್ತು,
ರಸ್ತೆಯಲ್ಲಿ ಇನ್ನೂ ಬಂದಿರಲಿಲ್ಲ.
ಡಬ್ಬಿ ಕೊಡದೆ ಹಿಡಿದುಕೊಂಡೇ ನಿಂತೆ.
ಅವರೂ ಕೇಳಲಿಲ್ಲ.