ಗಡಿಯಾರ ಹಿಡಿದವಳು

ನನ್ನ ಕೆಲಸ ಇಷ್ಟೆ: ಒಂದೂವರೆ ನಿಮಿಷಕ್ಕೆ ಹಳದಿ ಚೀಟಿ,
ಎರಡಕ್ಕೆ ಕೆಂಪು.
ಇಪ್ಪತ್ತಾರು ವರ್ಷ ಶಾಲೆಯ ಬಸ್ಸು ಓಡಿಸಿದವಳು,
ನಿಲ್ಲಿಸುವುದು ನನಗೆ ಹೊಸತಲ್ಲ.

ಅಗ್ನಿಶಾಮಕ ಠಾಣೆಯ ಎರಡೂ ಗಾಡಿಗಳನ್ನು
ಹೊರಗೆ ಕಾವಳದಲ್ಲಿ ಬಿಟ್ಟು ಒಳಗೆ ಕುರ್ಚಿ ಹಾಕಿದ್ದೇವೆ.
ನೆಲಕ್ಕಿನ್ನೂ ಡೀಸೆಲ್ ವಾಸನೆ. ಗೋಡೆಯ ಮೊಳೆಗಳಲ್ಲಿ
ಸಾಲಾಗಿ ಹೆಲ್ಮೆಟ್ಟುಗಳು;
ಒಳಗೆ ತಲೆಯಿಲ್ಲ, ಆದರೂ ಆಲಿಸುವ ಭಂಗಿ.

ಶನಿವಾರ ಮತದಾನ, ಇವತ್ತು ಬುಧವಾರ.
ಕೇಪ್ ಬ್ರೆಟನ್ನಿನ ಈ ಮೂಲೆಗೆ, ಸೇಂಟ್ ಓರನ್ ಕೊಲ್ಲಿಗೆ,
ಇರುವುದೊಂದು ಕುರ್ಚಿ, ಬಂದವರು ಮೂವರು.
ಇದು ಕೊನೆಯ ಚರ್ಚೆ. ಇದಾದ ಮೇಲೆ
ನಾಲಿಗೆಗೆ ಕೆಲಸವಿಲ್ಲ, ಪೆನ್ಸಿಲ್ಲಿಗೆ ಮಾತ್ರ.

'ಈ ರಾತ್ರಿ ಇವರು ಏನು ಸಾಧಿಸಬೇಕು?'
ಬಾಗಿಲಲ್ಲಿ ಪತ್ರಿಕೆಯ ಹುಡುಗ ಕೇಳಿದ.
ಗಡಿಯಾರ ಹಿಡಿದವಳಿಗೆ ಅಭಿಪ್ರಾಯವಿರಬಾರದು.
ಕಾಫಿ ಕೊಟ್ಟು ಕಳಿಸಿದೆ.

ಇದ್ದಿದ್ದರೆ ಹೇಳುತ್ತಿದ್ದೆ:
ಲಾಕ್ಲನ್ ಗಿಲ್ಲಿಸ್ ಒಮ್ಮೆಯಾದರೂ
ಅಪ್ಪನ ಹೆಸರೆತ್ತದೆ ಎರಡು ನಿಮಿಷ ದಾಟಬೇಕು.
ಅಪ್ಪ ಕಟ್ಟಿಸಿದ ಧಕ್ಕೆ ಒಳ್ಳೆಯದೇ;
ಹೋದ ವರ್ಷ ಅದರ ಹಲಗೆ
ನನ್ನ ತಮ್ಮನ ಕಾಲನ್ನು ಮೊಣಕಾಲವರೆಗೆ ನುಂಗಿತು.
ಪ್ರೂಡೆನ್ಸ್ ಸ್ಯಾಂಪ್ಸನ್ ಕಾಗದದಿಂದ ಕಣ್ಣೆತ್ತಬೇಕು.
ಪೈಪಿಗೆಷ್ಟು, ಹಿಮ ಬಾಚುವುದಕ್ಕೆಷ್ಟು,
ಲೆಕ್ಕವೆಲ್ಲ ಅವಳದ್ದೇ ಸರಿ.
ಆದರೆ ಲೆಕ್ಕ ಕೇಳುವವರು ನೋಡುವುದು ಮುಖವನ್ನು.
ಆರ್ಸೆನ್ ಬೂಡ್ರೋ ಬಗ್ಗೆ ನಾನು ಹೇಳುವಂತಿಲ್ಲ.
ಒಂದನೇ ತರಗತಿಯಲ್ಲಿ ನನ್ನ ಬಸ್ಸಿನಲ್ಲಿ ವಾಂತಿ ಮಾಡಿಕೊಂಡು
ಮರುದಿನ ಕ್ಷಮೆ ಬರೆದು ತಂದಿದ್ದ, ಹೆಸರೊಂದು ತಪ್ಪಾಗಿ.

ಹಿಂದಿನ ಸಾಲಿನಿಂದ ಯುಫೀಮಿಯಾ ಮಕೀಗನ್ ಎದ್ದಳು,
ಕೋಲಿಗೆ ಅರ್ಧ ಮೈ ಒಪ್ಪಿಸಿ.
'ನಲ್ಲಿ ನೀರು ಕುದಿಸಿ ಕುಡಿಯಿರಿ ಅಂತ ಕಾಗದ ಬಂದು
ಹದಿನಾಲ್ಕು ತಿಂಗಳು. ಎರಡು ಕೆಟಲಿನ ತಳ ಸೀದುಹೋಯಿತು.
ಯಾವತ್ತು ನಿಲ್ಲಿಸಲಿ? ತಾರೀಖು ಹೇಳಿ.'

ಲಾಕ್ಲನ್ ನೀರಿನಿಂದ ಹೊರಟವನು
ಹಳದಿಗೆ ಮೊದಲೇ ಧಕ್ಕೆ ಸೇರಿದ.
ಪ್ರೂಡೆನ್ಸಳ ಮೂರನೇ ಹಂತದ ಅನುದಾನ
ಇನ್ನೇನು ಮಂಜೂರಾಗಬೇಕು, ನಾನು ಕೆಂಪು ಎತ್ತಿದೆ.

ಆರ್ಸೆನ್ ಮೈಕು ಹಿಡಿದ. ಸೀಗಡಿ ಬಲೆಯ ಗಂಟು ಬಿಚ್ಚುವವನಂತೆ
ಅದರ ತಂತಿಯನ್ನೇ ನೋಡಿದ.
'ಗೊತ್ತಿಲ್ಲ,' ಅಂದ.
'ಪೈಪು ಎಲ್ಲೆಲ್ಲಿ ಹೋಗಿದೆಯೋ ಅದರ ನಕ್ಷೆಯೇ
ಕಚೇರಿಯಲ್ಲಿಲ್ಲ. ಮೊದಲು ಅಗೆದು ನೋಡಬೇಕು.'
ಕೂತುಬಿಟ್ಟ.

ಹದಿಮೂರು ಸೆಕೆಂಡು.
ಉಳಿದದ್ದೆಲ್ಲ ನಿಯಮದ ಪ್ರಕಾರ ಅವನದ್ದೇ,
ನಾನು ಗಡಿಯಾರ ನಿಲ್ಲಿಸಲಿಲ್ಲ.
ಪ್ರಾಮಾಣಿಕತೆಯೋ, ಓದಿಕೊಂಡು ಬಂದಿರಲಿಲ್ಲವೋ,
ತಿಳಿಯಲು ನನ್ನ ಬಳಿ ಚೀಟಿಯಿಲ್ಲ.
ಫ್ರಿಜ್ಜು ಗುಂಯ್ ಅಂದಿತು. ಯಾರೋ ಜೇಬಿನಲ್ಲಿ
ಪೆಪ್ಪರಮಿಂಟಿನ ಕಾಗದ ಬಿಚ್ಚಿ, ನಾಚಿ, ನಿಲ್ಲಿಸಿದರು.
ಪ್ರೂಡೆನ್ಸ್ ಮೊದಲ ಸಲ ಕಣ್ಣೆತ್ತಿ
ಎದುರಿಗಿದ್ದ ನಮ್ಮನ್ನು ಎಣಿಸಿದಳು, ಅಥವಾ ನೋಡಿದಳು.
ಯುಫೀಮಿಯಾ ಇನ್ನೂ ನಿಂತೇ ಇದ್ದಳು.

ಒಂದೂವರೆ ಆಯಿತು.
ಯಾರೂ ಮಾತಾಡದ ಮೈಕಿಗೆ
ಹಳದಿ ಚೀಟಿ ಎತ್ತಿ ತೋರಿಸಿದೆ.

'ಹಾಗಾದರೆ ಕುದಿಸುತ್ತೇನೆ,' ಅಂದಳು ಮುದುಕಿ,
ಬೈಗುಳವೋ ಒಪ್ಪಿಗೆಯೋ ಗೊತ್ತಾಗದ ದನಿಯಲ್ಲಿ,
ಮತ್ತು ಕುಳಿತಳು.

ಕುರ್ಚಿ ಮಡಚಿ, ಗಾಡಿಗಳನ್ನು ಒಳಗೆ ತಂದು,
ಮನೆಗೆ ಬಂದು ಕೆಟಲ್ ಇಟ್ಟೆ.
ಅದಕ್ಕೆ ಎರಡು ನಿಮಿಷ ಸಾಲುವುದಿಲ್ಲ.