ಕಲ್ ದಾರಿ

ಗುರುವಾರ ನನಗೆ ವಾರದ ರಜೆ.
ಐದೂವರೆಯ ಮಬ್ಬಿನಲ್ಲಿ ಯಲಹಂಕದ ಡಿಪೋ ದಾಟಿ
ಒಂದೇ ಸೀಟಿನ ಗಾಡಿ ಹತ್ತಿ ಹೊರಟಿದ್ದೇನೆ.
ಚಿಲ್ಲರೆಯ ಜಗಳವಿಲ್ಲ, ಪಾಸಿನ ಮಸುಕು ಫೋಟೋ ಇಲ್ಲ.
'ಒಳಗೆ ಹೋಗಿ, ಇನ್ನೂ ಒಳಗೆ ಹೋಗಿ' ಎಂದು
ಹದಿನೆಂಟು ವರ್ಷ ಕೂಗಿದ ಗಂಟಲು
ಈ ಹೊತ್ತು ಬರೀ ಗಾಳಿ ಕುಡಿಯುತ್ತಿದೆ.

ದಪ್ಪ ಟೈರಿನ ಗೇರು ಸೈಕಲ್ಲು.
ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಯಾರೋ ಬಿಟ್ಟುಹೋದದ್ದನ್ನು
ವಾಚ್‌ಮನ್ ಬೈಲಪ್ಪ ಮೂರು ಸಾವಿರಕ್ಕೆ ಕೊಡಿಸಿದ.
ಆರನೇ ಗೇರಿಗೆ ಹಾಕಿದರೆ
ಚೈನು ತಾನೇ ಐದಕ್ಕೆ ಜಾರುತ್ತದೆ,
ಸ್ಟಾಪು ಇಲ್ಲಿದ್ದರೆ ಅಲ್ಲಿ ನಿಲ್ಲಿಸುವ
ನಮ್ಮ ಡ್ರೈವರ್ ಚಿಕ್ಕವೀರಯ್ಯನ ಹಾಗೆ.

ದೊಡ್ಡಜಾಲದ ಆಚೆ
ದೊಡ್ಡ ರೈಲು ನೆಟ್ಟಗೆ ಹೋಯಿತು.
ಸಣ್ಣ ರೈಲಿನ ಹಳೆಯ ಬಾಗು
ಹೊಲದಲ್ಲಿ ಮರೆತ ಕುಡುಗೋಲಿನಂತೆ ಉಳಿಯಿತು.
ಹಳಿ ಕಿತ್ತರು, ಮಣ್ಣು ಹೊಡೆಸಿದರು,
'ಸೈಕಲ್ ದಾರಿ' ಎಂದು ಬೋರ್ಡು ನೆಟ್ಟರು.
'ಸೈ' ಆಗಲೇ ಉದುರಿದೆ. ಮಿಕ್ಕಿದ್ದು 'ಕಲ್ ದಾರಿ'.
ಅದೇ ಸರಿ. ಮಣ್ಣಿನಡಿಯ ಜಲ್ಲಿ
ಚಕ್ರದ ಕೆಳಗೆ ನಿದ್ದೆಗಣ್ಣಲ್ಲಿ ಹಲ್ಲು ಕಡಿಯುತ್ತದೆ.

ದಾರಿಯೋ, ರೊಟ್ಟಿ ತಟ್ಟಿದಷ್ಟು ಸಮ.
ಎಡಕ್ಕೆ ದ್ರಾಕ್ಷಿ ಚಪ್ಪರ, ಬಲಕ್ಕೆ ಲೇಔಟಿನ ಕಲ್ಲುಗಳು,
ಮೇಲೆ ಕಾಲು ಚಾಚಿ ಇಳಿಯುವ ವಿಮಾನ.
ಎಲ್ಲೂ ಒಂದು ದಿಣ್ಣೆಯಿಲ್ಲ.
ಆದರೂ ಎರಡು ಮೈಲಿಗೇ ತೊಡೆಯಲ್ಲಿ ಕೆಂಡ.

ಗಾಳಿ ಕಮ್ಮಿಯೇನೋ ಎಂದು ಟೈರು ಹಿಚುಕಿದೆ.
ಬ್ರೇಕು ಹಿಡಿದಿದೆಯೇನೋ ಎಂದು
ಹಿಂದಿನ ಚಕ್ರ ಎತ್ತಿ ತಿರುಗಿಸಿದೆ.
ತಿರುಗಿತು, ತಿರುಗುತ್ತಲೇ ಇತ್ತು,
ಅಣಕಿಸುವ ಹಾಗೆ.
ಅಂದರೆ ಕೆಟ್ಟಿರುವುದು ನಾನು.
ನಲವತ್ತೇಳಲ್ಲವಾ, ರಕ್ತ ಕಮ್ಮಿ,
ಗುಳಿಗೆ ತಪ್ಪಿಸಬೇಡಿ ಅಂದಿದ್ದರು ಡಾಕ್ಟರಮ್ಮ.
ಯಾರೂ ನೋಡುತ್ತಿಲ್ಲವೆಂದು ಖಾತ್ರಿಯಾದ ಮೇಲೆ
ಇಳಿದು ತಳ್ಳಿದೆ.

ನೋಡುತ್ತಿದ್ದರು.
ಹೆಸರು ಅಳಿದ ಹಾಲ್ಟಿನ ಕಲ್ಲುಕಟ್ಟೆ,
ಅದರ ಮೇಲೆ ಹರವಿದ ರಾಗಿ,
ಸ್ಲೀಪರಿನ ಬೆಂಚಿನಲ್ಲಿ ಕಾಲು ಮಡಚಿ
ಚಕ್ಕೋತ ಸುಲಿಯುತ್ತ ಪಿಳ್ಳಮುನಿಶಾಮಪ್ಪ.
"ಪಂಚರ್ರೇನವ್ವ?"
"ಇಲ್ಲ ತಾತ, ಕಾಲೇ ಸೋತವು. ಚಪ್ಪಟೆ ದಾರೀಲಿ."
ನಕ್ಕ. ಬಾಯಲ್ಲಿದ್ದ ತೊಳೆ ಹೊರಗೆ ಬರುವಷ್ಟು ನಕ್ಕ.
"ಚಪ್ಪಟೆ ಅಂತ ಯಾವನಂದ? ಏರು ಕಣವ್ವ ಇದು!
ಸಣ್ಣ ರೈಲು ಇಲ್ಲಿ ಉಸ್ಸಪ್ಪಾ ಅಂತಿತ್ತು.
ಮುಂದಿನ ಡಬ್ಬೀಲಿ ಇಳ್ದು, ಸೀಬೆಕಾಯಿ ಕಿತ್ಕೊಂಡು,
ಹಿಂದಿನ ಡಬ್ಬಿ ಹತ್ತಿ ಕೂತ್ಕೊಂತಿದ್ವಿ."
"ಟಿಕೆಟ್ಟು?"
"ಹ್ಞೂಂ, ತಗೊಂಡ್ರು!"

ನಾನು ಕಂಡಕ್ಟರ್ ಎಂದು ಹೇಳಲಿಲ್ಲ.
ಕೊಟ್ಟ ಅರ್ಧ ಚಕ್ಕೋತವನ್ನು
ಸೀಟಿನ ಹಿಂದಿನ ಚೀಲಕ್ಕೆ ತುರುಕಿದೆ.
ದುಡ್ಡು ಅಂದಾಗ ಅವನು
ನೊಣ ಓಡಿಸುವ ಹಾಗೆ ಕೈ ಬೀಸಿದ.

ಸೈಕಲ್ಲು ತಿರುಗಿಸಿದೆ.
ಅದೇ ಸಮತಟ್ಟು, ಅದೇ ರೊಟ್ಟಿ,
ಕಣ್ಣು ಈಗಲೂ ಆಣೆ ಇಡುತ್ತದೆ.
ಪೆಡಲಿನ ಮೇಲೆ ಸುಮ್ಮನೆ ಕಾಲಿಟ್ಟೆ.
ಹೊರಟಿತು.
ಮೊದಲು ನಾಚುತ್ತ, ಆಮೇಲೆ ಜಲ್ಲಿ ಸಿಡಿಸುತ್ತ,
ದ್ರಾಕ್ಷಿ ಚಪ್ಪರ ಒಂದೇ ಹಸಿರು ಗೆರೆಯಾಗಿ,
ಎಲ್ಲೋ ಒಂದು ಶಾಲೆಯಲ್ಲಿ
ತೂಗುಹಾಕಿದ ಹಳಿಯ ತುಂಡಿಗೆ ಯಾರೋ ಬಾರಿಸಿ,
ಆ ನಾದ ಬೆನ್ನಿಗೆ ಬಂದು ತಾಗುವಷ್ಟರಲ್ಲಿ
ನಾನು ಮುಂದೆ.

ಏರಿದ್ದು ಗೊತ್ತಾಗಲೇ ಇಲ್ಲ ನನಗೆ.
ಸೋತೆ ಅಂತ ಮಾತ್ರ ಗೊತ್ತಾಗಿತ್ತು.

ಬೋರ್ಡಿನ ತನಕ ಒಂದು ಸಲವೂ ತುಳಿಯಲಿಲ್ಲ.
ಪುಕ್ಕಟೆ ಅಲ್ಲ, ತಾತ;
ಹೋಗುವಾಗಲೇ ರಿಟರ್ನ್ ತೆಗೆದಿದ್ದೆ, ತೊಡೆಯ ಲೆಕ್ಕದಲ್ಲಿ.
ಹೆದ್ದಾರಿಯ ಹಾರ್ನು ಕೇಳಿಸಿತು.
ಆರಕ್ಕೆ ಹಾಕಿದೆ. ಚೈನು ಐದಕ್ಕೆ ಜಾರಿತು.
ಜಾರಲಿ.